ಗುಂಡು, ಕಿಟಕಿ ಮತ್ತು ವಿಮಾನದೊಳಗಿನ ಗಾಳಿ

ಈ ದೃಶ್ಯವನ್ನು ನೀವು ನೋಡಿಯೇ ಇರುತ್ತೀರಿ. ಹಾರುತ್ತಿರುವ ವಿಮಾನದಲ್ಲಿ ಯಾರೋ ಪಿಸ್ತೂಲು ಹಾರಿಸುತ್ತಾರೆ. ಗೋಡೆಗೆ ತೂತು ಬೀಳುತ್ತದೆ. ಒಳಗಿದ್ದವರು ತರಗೆಲೆಗಳಂತೆ ಹೊರಕ್ಕೆ ತೂರಿಹೋಗುತ್ತಾರೆ. ಈ ಕಲ್ಪನೆಯನ್ನು ಜನಪ್ರಿಯಗೊಳಿಸಿದ ಚಿತ್ರಗಳಲ್ಲಿ 1964ರ 'ಗೋಲ್ಡ್‌ಫಿಂಗರ್' ಒಂದು. ಗುಂಡು ಹಾರಿದರೆ ಇಬ್ಬರೂ ಹೊರಗೆಳೆಯಲ್ಪಡುತ್ತೇವೆಂದು ಅದರಲ್ಲಿ ಜೇಮ್ಸ್ ಬಾಂಡ್ ಎಚ್ಚರಿಸುತ್ತಾನೆ. ಕೊನೆಗೆ ಖಳನಾಯಕ ಒಡೆದ ಕಿಟಕಿಯಿಂದ ಹೊರಬೀಳುತ್ತಾನೆ. ಇದರಲ್ಲಿ ನಿಜವೆಷ್ಟು? ಲೆಕ್ಕ ಹಾಕಿ ನೋಡೋಣ.

35,000 ಅಡಿ ಎತ್ತರದಲ್ಲಿ ಹೊರಗಿನ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿರುವುದರ ಸುಮಾರು ಕಾಲು ಭಾಗ. ವಿಮಾನದೊಳಗೆ ಅದನ್ನು ಸುಮಾರು ಮುಕ್ಕಾಲು ಭಾಗದಷ್ಟು ಕಾಯ್ದುಕೊಳ್ಳುತ್ತಾರೆ. ವ್ಯತ್ಯಾಸ ಅರ್ಧ ವಾಯುಮಂಡಲ, ಅಂದರೆ ಪ್ರತಿ ಚದರ ಸೆಂಟಿಮೀಟರಿಗೆ ಅರ್ಧ ಕಿಲೋಗ್ರಾಂ ಭಾರ. 9 ಮಿಲಿಮೀಟರ್ ಗುಂಡಿನ ತೂತಿನ ವಿಸ್ತೀರ್ಣ ಸುಮಾರು 0.64 ಚದರ ಸೆಂಟಿಮೀಟರ್. ಅದರ ಮೇಲಿನ ಬಲ ಕಾಲು ಕಿಲೋಗ್ರಾಮಿಗಿಂತ ತುಸು ಹೆಚ್ಚು, ಅಷ್ಟೆ! ಇದು ಮನುಷ್ಯನನ್ನು ಎಳೆದೊಯ್ಯಲಾರದು. ವಿಮಾನದಲ್ಲಿ ಗಾಳಿ ಹೊರಬಿಡಲೆಂದೇ ಇರುವ ಕವಾಟ ಈ ತೂತಿಗಿಂತ ಬಹಳ ದೊಡ್ಡದು. ಹೋದ ಗಾಳಿಯನ್ನು ಯಂತ್ರ ಸತತವಾಗಿ ತುಂಬುತ್ತಿರುತ್ತದೆ.

ಕಿಟಕಿಯ ಮಾತು ಬೇರೆ. ಅದರ ವಿಸ್ತೀರ್ಣ ನೂರಾರು ಚದರ ಸೆಂಟಿಮೀಟರ್ ಇರುವುದರಿಂದ ಬಲ ನೂರಾರು ಕಿಲೋಗ್ರಾಂ ಆಗುತ್ತದೆ. 1973ರ ನವೆಂಬರ್ 3ರಂದು ಅಮೆರಿಕದಲ್ಲಿ ಡಿಸಿ-10 ವಿಮಾನದ ಎಂಜಿನ್ ಸಿಡಿದು, ಅದರ ಚೂರು ಕಿಟಕಿಯೊಂದನ್ನು ಒಡೆಯಿತು. ಪಕ್ಕದಲ್ಲಿದ್ದ ಪ್ರಯಾಣಿಕರೊಬ್ಬರು ನಿಜಕ್ಕೂ ಹೊರಗೆ ಸೆಳೆಯಲ್ಪಟ್ಟರು. ಉಳಿದವರೆಲ್ಲ ಬದುಕಿದರು. ಬಾಂಡ್‌ನ ಮಾತು ತಪ್ಪು, ಖಳನಾಯಕನ ಗತಿ ಅಸಾಧ್ಯವೇನಲ್ಲ.

ಹಾಗಾದರೆ ಒತ್ತಡದಿಂದ ವಿಮಾನ ಒಡೆಯುವುದೇ ಇಲ್ಲವೆ? ಒಡೆದದ್ದುಂಟು. 1952ರಲ್ಲಿ ಸೇವೆಗೆ ಬಂದ ಬ್ರಿಟನ್ನಿನ ಕಾಮೆಟ್, ಪ್ರಯಾಣಿಕರನ್ನು ಒಯ್ದ ಮೊದಲ ಜೆಟ್ ವಿಮಾನ. 1954ರ ಜನವರಿ 10 ಮತ್ತು ಏಪ್ರಿಲ್ 8ರಂದು ಎರಡು ಕಾಮೆಟ್‌ಗಳು ಇಟಲಿಯ ಸಮೀಪದ ಸಮುದ್ರದ ಮೇಲೆ ಆಕಾಶದಲ್ಲೇ ಛಿದ್ರವಾದವು. 56 ಮಂದಿ ಸತ್ತರು. ಫಾರ್ನ್‌ಬರೋದ ವಿಜ್ಞಾನಿಗಳು ಇಡೀ ವಿಮಾನದೊಡಲನ್ನು ನೀರಿನ ತೊಟ್ಟಿಯಲ್ಲಿಟ್ಟು, ಒತ್ತಡವನ್ನು ಮತ್ತೆಮತ್ತೆ ಏರಿಸಿ ಇಳಿಸಿದರು. ಹಿಂದಿನ ಹಾರಾಟಗಳೂ ಸೇರಿ 3,057 ಆವರ್ತಗಳಾದಾಗ ಅದು ಬಿರಿಯಿತು. ತಂತಿಯನ್ನು ಹಿಂದುಮುಂದು ಬಗ್ಗಿಸುತ್ತಿದ್ದರೆ ಅದು ತುಂಡಾಗುವುದಿಲ್ಲವೆ? ಹಾಗೆಯೇ ಇದೂ ಲೋಹದ ದಣಿವು. ತೆರಪುಗಳ ಮೂಲೆಗಳಲ್ಲಿ ಒತ್ತಡ ಕೇಂದ್ರೀಕೃತವಾಗಿ ಬಿರುಕು ಹುಟ್ಟಿತ್ತು. ಅಲ್ಲಿಂದ ಕಲಿತ ಪಾಠ ಇಂದಿನ ಪ್ರತಿ ವಿಮಾನದ ವಿನ್ಯಾಸದಲ್ಲಿದೆ.

ಚಿತ್ರಗಳು ತೋರಿಸುವ ಅಪಾಯಕ್ಕೆ ಅಬ್ಬರವಿದೆ. ನಿಜವಾದ ಅಪಾಯ ಸದ್ದಿಲ್ಲದೆಯೂ ಬರಬಹುದು. 2005ರ ಆಗಸ್ಟ್ 14ರಂದು ಸೈಪ್ರಸ್‌ನಿಂದ ಅಥೆನ್ಸ್‌ಗೆ ಹೊರಟ ಬೋಯಿಂಗ್ 737ರಲ್ಲಿ ಒತ್ತಡ ನಿಯಂತ್ರಿಸುವ ಗುಂಡಿ ಸ್ವಯಂಚಾಲಿತ ಸ್ಥಿತಿಯಲ್ಲಿರಲಿಲ್ಲ. ಮೊಳಗಿದ ಎಚ್ಚರಿಕೆಯನ್ನು ಚಾಲಕರು ಬೇರೆಯದೆಂದು ಭಾವಿಸಿದರು. ಆಮ್ಲಜನಕದ ಕೊರತೆಯಿಂದ ಅವರಿಗೆ ಪ್ರಜ್ಞೆ ತಪ್ಪಿತು. ವಿಮಾನ ತಾನಾಗಿಯೇ ಹಾರುತ್ತಾ ಹೋಗಿ, ಇಂಧನ ಮುಗಿದು ಬಿದ್ದಿತು. 121 ಮಂದಿಯೂ ಸತ್ತರು. ಗುಂಡಿಲ್ಲ, ತೂತಿಲ್ಲ, ಬಿರುಗಾಳಿಯಿಲ್ಲ.

ಆದ್ದರಿಂದಲೇ ಗಗನಸಖಿ ಆಮ್ಲಜನಕದ ಮುಖವಾಡ ತೋರಿಸುವಾಗ ಗಮನ ಕೊಡಿ. 35,000 ಅಡಿಯಲ್ಲಿ ಒತ್ತಡ ಹೋದರೆ, ಅದನ್ನು ಧರಿಸಲು ಬೇಕಾದ ಎಚ್ಚರ ನಿಮಗಿರುವುದು ಒಂದು ನಿಮಿಷಕ್ಕಿಂತ ಕಡಿಮೆ ಹೊತ್ತು. ಶಿಕ್ಷಕರೇ, ಒತ್ತಡದ ಪಾಠ ಬಂದಾಗ ಮಕ್ಕಳಿಗೆ ಈ ಲೆಕ್ಕ ಕೊಡಿ: ವಿಮಾನದ ಬಾಗಿಲು 1 ಮೀಟರ್ ಅಗಲ, 1.8 ಮೀಟರ್ ಎತ್ತರವಿದ್ದರೆ ಅದರ ಮೇಲಿನ ಬಲವೆಷ್ಟು? ಉತ್ತರ ಸುಮಾರು 9 ಟನ್. ಚಿತ್ರದ ನಾಯಕ ಅಷ್ಟು ಎತ್ತರದಲ್ಲಿ ಒಳಕ್ಕೆಳೆದು ತೆರೆಯಬೇಕಾದ ಬಾಗಿಲನ್ನು ಒಂದೇ ಕೈಯಲ್ಲಿ ತೆರೆದರೆ, ಅವರೇ ನಕ್ಕುಬಿಡುತ್ತಾರೆ.