ಹೊನ್ನಾವರದಿಂದ ಉಳ್ಳಾಲಕ್ಕೆ

ಹೊನ್ನಾವರದಿಂದ ಮಂಗಳೂರಿಗೆ ಇಂದು ಹೆದ್ದಾರಿಯಲ್ಲಿ ನಾಲ್ಕು ಗಂಟೆಯ ಹಾದಿ. 1998ರಲ್ಲಿ ಕೊಂಕಣ ರೈಲುಮಾರ್ಗ ಪೂರ್ಣಗೊಂಡ ಮೇಲೆ ರೈಲಿನ ಅನುಕೂಲವೂ ಉಂಟು. ಅಷ್ಟು ದೂರಕ್ಕೆ ನನಗೆ ಹತ್ತೊಂಬತ್ತು ದಿನ ಹಿಡಿಯಿತೆಂದರೆ ಕೇಳಿದವರು ನಗುವುದು ಸಹಜವೇ. ನಿವೃತ್ತನಾದವನಿಗೆ ಕಾಲದ ಬಡತನವಿಲ್ಲ; ಮಂಡಿಗಳ ಬಡತನ ಮಾತ್ರ ಇದೆ. ಆದುದರಿಂದ ದಿನಕ್ಕೊಂದೇ ಊರು, ರಾತ್ರಿಯ ಬಸ್ಸು ಕೂಡದು ಎಂದು ನನಗೆ ನಾನೇ ಕಟ್ಟಳೆ ಮಾಡಿಕೊಂಡು ಹೊರಟೆ. ಜೊತೆಗೆ ಬರಬೇಕಾಗಿದ್ದವಳು ಎರಡು ವರ್ಷಗಳ ಹಿಂದೆಯೇ ತೀರಿಕೊಂಡಿದ್ದಳು. ಆ ಜಾಗದಲ್ಲಿ ನನ್ನ ಸಂಗಡ ಬಂದುದು ಒಂದು ಪುಸ್ತಕ. ಇಟಲಿಯ ಪಿಯೆತ್ರೋ ದೆಲ್ಲಾ ವಾಲ್ಲೆ ಎಂಬ ಶ್ರೀಮಂತ 1623ರಲ್ಲಿ ಇದೇ ದಾರಿಯಲ್ಲಿ ಬಂದಿದ್ದ; ಕಂಡುದನ್ನೆಲ್ಲ ನೇಪಲ್ಸಿನ ಗೆಳೆಯನೊಬ್ಬನಿಗೆ ದೀರ್ಘ ಪತ್ರಗಳಲ್ಲಿ ಬರೆಯುತ್ತಿದ್ದ.

ಹೊನ್ನಾವರದಲ್ಲಿ ಮಾತ್ರ ಅವನಿಗಿಂತ ಹಳೆಯ ಯಾತ್ರಿಕನೊಬ್ಬನನ್ನು ನೆನೆಯದಿರಲಾಗದು. ಹದಿನಾಲ್ಕನೆಯ ಶತಮಾನದ ನಡುಭಾಗದಲ್ಲಿ ಇಲ್ಲಿಗೆ ಬಂದ ಇಬನ್ ಬತೂತ, ಊರಿನಲ್ಲಿ ಹೆಣ್ಣುಮಕ್ಕಳಿಗೆ 13 ಮತ್ತು ಗಂಡುಮಕ್ಕಳಿಗೆ 23 ಪಾಠಶಾಲೆಗಳನ್ನು ಕಂಡೆನೆಂದು ಬರೆದ. ಅಷ್ಟು ದೇಶ ಸುತ್ತಿದವನು ಇಂಥದನ್ನು ಬೇರೆಲ್ಲಿಯೂ ಕಾಣಲಿಲ್ಲವಂತೆ. ಗೋವೆಯಿಂದ ಕೊಲ್ಲಂವರೆಗೆ ಕರಾವಳಿಯುದ್ದಕ್ಕೂ ಎರಡು ತಿಂಗಳ ಕಾಲ್ದಾರಿ. ದಾರಿಗೆ ಮರಗಳ ನೆರಳು. ಅರ್ಧ ಮೈಲಿಗೊಂದರಂತೆ ಮರದ ಚಾವಡಿ, ಕೂರಲು ಹಲಗೆ, ಪಕ್ಕದಲ್ಲಿ ಬಾವಿ, ನೀರು ಕೊಡಲು ಒಬ್ಬ ಆಳು. ನಮ್ಮ ಅರವಟ್ಟಿಗೆಯೇ ಇದು. ಹಿಂದೂ ದಾರಿಹೋಕರಿಗೆ ಪಾತ್ರೆಯಲ್ಲಿ ನೀರು ಕೊಡುತ್ತಿದ್ದರು, ಮುಸಲ್ಮಾನರಿಗೆ ಬೊಗಸೆಗೆ ಹೊಯ್ಯುತ್ತಿದ್ದರು ಎಂಬುದನ್ನೂ ಅವನು ಮುಚ್ಚಿಡದೆ ಬರೆದಿದ್ದಾನೆ. ಅರವಟ್ಟಿಗೆಯ ಪುಣ್ಯವನ್ನು ಹೇಳುವಾಗ ನಾವು ಈ ಬೊಗಸೆಯ ಮಾತನ್ನು ಬಿಟ್ಟುಬಿಡುತ್ತೇವೆ, ಅದು ಸರಿಯಲ್ಲ.

ಭಟ್ಕಳಕ್ಕೆ ಹೋಗಿಬರಲು ಎರಡು ದಿನ. ವಿಜಯನಗರದ ಕುದುರೆಗಳು ಇಳಿಯುತ್ತಿದ್ದ ಬಂದರು ಇದು. ಘಟ್ಟದ ಮೇಲಕ್ಕೆ ಸರಕು ಹೊತ್ತ ಹೇರೆತ್ತುಗಳು ಸಾವಿರಗಟ್ಟಲೆ ನಡೆಯುತ್ತಿದ್ದುದೂ ಇಲ್ಲಿಂದಲೇ. ಸಾಳುವ ನರಸಿಂಹನು ಹೊರಮುಜಿನ ಕುದುರೆಗಳನ್ನು ಬದುಕಿದ್ದರೂ ಸತ್ತಿದ್ದರೂ ಕೊಳ್ಳುತ್ತಿದ್ದನೆಂದೂ, ಸಮುದ್ರದಲ್ಲಿ ಸತ್ತ ಕುದುರೆಯ ಬಾಲವೊಂದನ್ನು ತಂದು ತೋರಿಸಿದರೂ ಪೂರ್ತಿ ಬೆಲೆ ಎಣಿಸುತ್ತಿದ್ದನೆಂದೂ ಪೋರ್ಚುಗೀಸ್ ವರ್ತಕ ನೂನಿಜ್ ಬರೆದಿದ್ದಾನೆ. ಹಂಪೆಯ ವೈಭವವನ್ನು ವರ್ಣಿಸುವ ನಮ್ಮ ಪಠ್ಯಪುಸ್ತಕಗಳು ಈ ಬಾಲದ ಲೆಕ್ಕವನ್ನು ಹೇಳುವುದಿಲ್ಲ. ರಾಜಧಾನಿಯ ಬೇರು ಕಡಲತಡಿಯ ಊರುಗಳಲ್ಲಿತ್ತು. 1542ರಲ್ಲಿ ಪೋರ್ಚುಗೀಸರು ಭಟ್ಕಳವನ್ನು ಸುಟ್ಟರು, 1565ರಲ್ಲಿ ವಿಜಯನಗರವೇ ಮುರಿದುಬಿತ್ತು. ಇಂದು ಊರಿನೊಳಗೆ ಖೇತಪೈ ನಾರಾಯಣ ದೇವಾಲಯದ ಕಲ್ಲಿನ ಜಾಲರಿಗಳನ್ನು ನೋಡಿದರೆ, ಕಲ್ಲನ್ನು ಮರದ ಹಲಗೆಯಂತೆ ಸೀಳಿ ಜೋಡಿಸಿದ ಕೈಗಳ ಹಿಂದೆ ಎಷ್ಟು ಹಣ ಹರಿದಿರಬೇಕೆಂಬುದು ತಿಳಿಯುತ್ತದೆ.

ಶರಾವತಿಯ ದಂಡೆಯನ್ನು ಹಿಡಿದು ಗೇರುಸೊಪ್ಪೆಗೆ ಬಂದೆ. ಮೆಣಸಿನ ರಾಣಿಯೆಂದು ಪೋರ್ಚುಗೀಸರು ಕರೆದ ಚೆನ್ನಭೈರಾದೇವಿ ಹದಿನಾರನೆಯ ಶತಮಾನದ ಉತ್ತರಾರ್ಧವನ್ನೆಲ್ಲ ಆಳಿದ ನೆಲ. ಕೆಳದಿಯ ವೆಂಕಟಪ್ಪನಾಯಕ ಅದನ್ನು ಗೆದ್ದುಕೊಂಡು ಇನ್ನೂ ಎರಡು ದಶಕವಾಗಿರಲಿಲ್ಲ, ದೆಲ್ಲಾ ವಾಲ್ಲೆ ದೋಣಿಯಲ್ಲಿ ಬಂದ. ಅಷ್ಟರಲ್ಲಿಯೇ ಅರಮನೆ ಬಿದ್ದು ಮರಗಳು ಬೆಳೆದಿದ್ದವು. ಪಟ್ಟಣವಿದ್ದಲ್ಲಿ ಕೆಲವು ಗುಡಿಸಲುಗಳು ಮಾತ್ರ. ಕಲ್ಲು ನೂರಾರು ವರ್ಷ ನಿಲ್ಲುತ್ತದೆಂದು ನಾವು ತಿಳಿಯುತ್ತೇವೆ, ಆದರೆ ಊರು ಕಾಡಾಗಲು ಒಂದು ತಲೆಮಾರೂ ಬೇಕಾಗಲಿಲ್ಲ. ರಾಣಿಯ ಪತನಕ್ಕೆ ಒಂದು ಪ್ರೇಮಪ್ರಸಂಗ ಕಾರಣವೆಂದು ಅವನು ಕೇಳಿ ಬರೆದಿದ್ದಾನೆ. ನನಗೇನೋ ನಂಬಿಕೆಯಿಲ್ಲ. ಗೆದ್ದವನ ಆಸ್ಥಾನಕ್ಕೆ ಹೊರಟ ರಾಯಭಾರದ ಜೊತೆಗಿದ್ದವನಿಗೆ ಗೆದ್ದವರ ಕಥೆಯೇ ಕೇಳಿಸುತ್ತದೆ. ಐವತ್ತು ವರ್ಷ ಮೆಣಸಿನ ವ್ಯಾಪಾರ ನಡೆಸಿದ ಹೆಂಗಸು ಸೋತರೆ ಅದಕ್ಕೆ ಪ್ರೇಮವೇ ಕಾರಣವಾಗಬೇಕೆ? ಹೊಳೆಯಾಚೆಯ ಕಾಡಿನಲ್ಲಿ ಚತುರ್ಮುಖ ಬಸದಿ ಇಂದಿಗೂ ನಾಲ್ಕು ದಿಕ್ಕಿಗೂ ಬಾಗಿಲು ತೆರೆದು ನಿಂತಿದೆ.

ಘಟ್ಟದ ಮೇಲೆ ಹೊರೆಯಾಳುಗಳಿಗಾಗಿ ಕಾಯುತ್ತಿದ್ದಾಗ, ಗುಡಿಯೊಂದರ ಜಗಲಿಯಲ್ಲಿ ನಾಲ್ವರು ಹುಡುಗರು ಲೆಕ್ಕ ಕಲಿಯುತ್ತಿರುವುದನ್ನು ದೆಲ್ಲಾ ವಾಲ್ಲೆ ಕಂಡ. ನೆಲದ ಮೇಲೆ ನುಣ್ಣನೆಯ ಮರಳು ಹರಡಿದ್ದರು. ಒಬ್ಬ ರಾಗವಾಗಿ ಹಾಡುತ್ತ ಬೆರಳಿನಿಂದ ಬರೆಯುವನು, ಉಳಿದವರೂ ಹಾಗೆಯೇ ಹಾಡಿ ಬರೆಯುವರು. ಮರಳು ತುಂಬಿದರೆ ಅಳಿಸಿ ಮತ್ತೆ ಹೊಸ ಮರಳು. ಉಪಾಧ್ಯಾಯರಿರಲಿಲ್ಲ. ಮರೆತರೆ ತಿದ್ದುವವರು ಯಾರೆಂದು ಅವನು ಕೇಳಿದ. ನಾಲ್ವರೂ ಒಂದೇ ಕಡೆ ಮರೆಯುವುದು ಸಾಧ್ಯವೇ ಇಲ್ಲವೆಂದು ಹುಡುಗರು ಉತ್ತರ ಕೊಟ್ಟರು. ನಮ್ಮ ತಂದೆಯವರೂ ಕೂಲಿಮಠದಲ್ಲಿ ಮರಳಿನ ಮೇಲೆಯೇ ಅಕ್ಷರ ತಿದ್ದಿದವರು. ಆದರೆ ಆ ಪದ್ಧತಿಯ ಇಷ್ಟು ಸ್ಪಷ್ಟವಾದ ಚಿತ್ರವನ್ನು ಹೊರಗಿನವನೊಬ್ಬನಿಂದ ಪಡೆಯಬೇಕಾಯಿತಲ್ಲ!

ಇಕ್ಕೇರಿಯಲ್ಲಿ ನಾಲ್ಕು ದಿನ ನಿಂತೆ. ಅರಮನೆಯ ಕುರುಹಿಲ್ಲ; ಅಘೋರೇಶ್ವರ ದೇವಾಲಯ ಮಾತ್ರ ಘನವಾಗಿ ನಿಂತಿದೆ. ಒಳಗೆ ನೆಲದ ಮೇಲೆ ಸಾಷ್ಟಾಂಗ ಬಿದ್ದಿರುವ ಮೂವರು ನಾಯಕರ ರೂಪಗಳಿವೆ. ಬಂದವರೆಲ್ಲ ತುಳಿದು ಹೋಗಲಿ ಎಂಬಂತೆ. ತೋಟದ ಭೂಮಿಯನ್ನು ಅಳೆಯುವ 18 ಅಡಿ 6 ಅಂಗುಲದ ಕೋಲಿನ ಅಳತೆಯನ್ನು ಇದೇ ಗುಡಿಯ ಕಲ್ಲಿನಲ್ಲಿ ಗುರುತಿಸಿದ್ದರೆಂದು ಹಳೆಯ ಗೆಜೆಟಿಯರು ಹೇಳುತ್ತದೆ. ಶಿವಪ್ಪನಾಯಕನ ಶಿಸ್ತಿನ ಮಾತು ಕೇಳದ ಮಲೆನಾಡಿಗನಿಲ್ಲ. ದೇವರ ಮುಂದೆ ಇಟ್ಟ ಅಳತೆಯನ್ನು ಶಾನುಭೋಗನಾಗಲಿ ಗೇಣಿದಾರನಾಗಲಿ ಕುಗ್ಗಿಸಲಾರ ಎಂಬ ಉಪಾಯ ನನಗೆ ಬಹಳ ಹಿಡಿಸಿತು.

ಆದರೆ ಇಕ್ಕೇರಿಯಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಬೇರೆ ಸಂಗತಿ. 1623ರ ನವೆಂಬರಿನಲ್ಲಿ ಈ ಬೀದಿಗಳಲ್ಲಿ ಒಬ್ಬ ವಿಧವೆ ಕುದುರೆಯೇರಿ ವಾದ್ಯಗಳೊಡನೆ ಹೋಗುವುದನ್ನು ದೆಲ್ಲಾ ವಾಲ್ಲೆ ನೋಡಿದ. ಸಹಗಮನಕ್ಕೆ ಸಿದ್ಧಳಾದವಳು, ವಾದ್ಯ ಬಾರಿಸುವವನೊಬ್ಬನ ಹೆಂಡತಿ, ತೆಲುಗಿನವಳು. ಅವನು ಅವಳ ಮನೆಯನ್ನು ಹುಡುಕಿಕೊಂಡು ಹೋದ, ದುಭಾಷಿಯ ಮೂಲಕ ಮಾತನಾಡಿಸಿದ, ಮಕ್ಕಳನ್ನು ತೋರಿಸಿ ಬೇಡವೆಂದು ಹೇಳಿದ. ಅವಳು ನಗುನಗುತ್ತಲೇ ಉತ್ತರಿಸಿದಳು. ಯಾರ ಬಲವಂತವೂ ಇಲ್ಲವೆಂದಳು. ಕೊನೆಗೆ ಅವನು ಹೆಸರು ಕೇಳಿದ. ಇಟಲಿಯ ಅಕ್ಷರಗಳಲ್ಲಿ ಅವನು ಬರೆದುಕೊಂಡುದು ಜಕ್ಕಮ್ಮನೆಂದಿರಬೇಕು. ನಿನ್ನ ಹೆಸರು ಲೋಕದಲ್ಲಿ ಉಳಿಯುವಂತೆ ಬರೆಯುತ್ತೇನೆಂದು ಮಾತು ಕೊಟ್ಟ.

ಈ ಮಾತು ಕೊಟ್ಟವನ ಸ್ಥಿತಿಯನ್ನೂ ತಿಳಿಯಬೇಕು. ಅವನ ಹೆಂಡತಿ ಮಆನಿ 1621ರ ಕೊನೆಯಲ್ಲಿ ಪರ್ಷಿಯಾದ ಕಡಲತಡಿಯಲ್ಲಿ ತೀರಿಕೊಂಡಿದ್ದಳು. ಅವಳನ್ನು ಅಲ್ಲಿ ಮಣ್ಣುಮಾಡಲು ಮನಸ್ಸಾಗದೆ, ದೇಹಕ್ಕೆ ಲೇಪನ ಮಾಡಿಸಿ, ಪೆಟ್ಟಿಗೆಯಲ್ಲಿಟ್ಟು ದೇಶದಿಂದ ದೇಶಕ್ಕೆ ಸಾಗಿಸಿ, ಕಡೆಗೆ ರೋಮಿನ ತನ್ನ ಮನೆತನದ ಸಮಾಧಿಯಲ್ಲಿ ಇರಿಸಿದ. ಸತ್ತ ಹೆಂಡತಿಯನ್ನು ಬಿಡಲಾರದವನು, ಸತ್ತ ಗಂಡನನ್ನು ಬಿಡಲಾರೆನೆಂಬವಳಿಗೆ ಬದುಕಬೇಕೆಂದು ಹೇಳುತ್ತಿದ್ದಾನೆ. ಅವಳ ನಗು ನಿಜವಾಗಿ ಎಷ್ಟು ಅವಳದು, ಸುತ್ತ ನಿಂತ ಬಂಧುಗಳದು ಎಷ್ಟು ಎಂಬುದನ್ನು ಆ ಪತ್ರದಿಂದ ನಿರ್ಧರಿಸಲಾಗದು. ಆ ಭಾಗವನ್ನು ದೇವಾಲಯದ ಮೆಟ್ಟಿಲ ಮೇಲೆ ಕುಳಿತು ಎರಡು ಸಲ ಓದಿದೆ. ಮಹಾಸತಿಕಲ್ಲುಗಳನ್ನು ನಾಡಿನಲ್ಲಿ ಎಷ್ಟೋ ಕಡೆ ನೋಡಿದ್ದೇನೆ. ಮೇಲಕ್ಕೆತ್ತಿದ ಕೈ, ಬಳೆ, ಅಷ್ಟೇ. ಅವುಗಳಲ್ಲಿ ಒಂದೂ ನನ್ನೊಡನೆ ಹೀಗೆ ಮಾತನಾಡಿರಲಿಲ್ಲ.

ಘಟ್ಟ ಇಳಿದು ಬಸರೂರಿಗೆ ಬಂದೆ. ಗೋವೆಗೆ ಅಕ್ಕಿ ಸಾಗಿಸುತ್ತಿದ್ದ ಈ ಬಂದರಿನ ಸಿರಿಯ ವಾರ್ತೆ ಎಷ್ಟು ದೂರ ಹೋಗಿತ್ತೆಂದರೆ 1665ರಲ್ಲಿ ಶಿವಾಜಿಯೇ ಹಡಗುಗಳ ಪಡೆಯೊಡನೆ ಬಂದು ಅದನ್ನು ಸೂರೆಮಾಡಿದ. ಈಗ ವಾರಾಹಿಯ ದಂಡೆಯಲ್ಲಿ ತೆಂಗಿನ ನೆರಳು, ನಿಧಾನದ ನೀರು. ಆಳುಪರ ರಾಜಧಾನಿಯಾಗಿದ್ದ ಬಾರಕೂರಿನಲ್ಲಿ ಗುಡಿಗಳೂ ಬಸದಿಗಳೂ ಗದ್ದೆಗಳ ನಡುವೆ ಚೆದುರಿಕೊಂಡಿವೆ. ಕತ್ತಲೆ ಬಸದಿಯ ಅಂಗಳದಲ್ಲಿ ನಾನು ಕುಳಿತಿದ್ದ ಮಧ್ಯಾಹ್ನ ಒಂದು ಕರು ಬಿಟ್ಟರೆ ಬೇರೆ ಸಂದರ್ಶಕರಿರಲಿಲ್ಲ. ಅಲ್ಲಿಂದ ಮಂಗಳೂರಿನವರೆಗೆ ಹೆದ್ದಾರಿಯ ಗದ್ದಲ, ಹೇಳುವಂಥದೇನೂ ಇಲ್ಲ.

ಉಳ್ಳಾಲದ ರಾಣಿಯನ್ನು ಕಾಣಲು ದೆಲ್ಲಾ ವಾಲ್ಲೆ ಮಂಗಳೂರಿನಿಂದ ದೋಣಿಯಲ್ಲಿ ಹೊಳೆಯ ಮೇಲಕ್ಕೆ ಹೋಗಿದ್ದ. ಪೋರ್ಚುಗೀಸರನ್ನು ಎದುರಿಸಿದ ಮನೆತನದ ಆ ರಾಣಿ ಅವನಿಗೆ ಸಿಂಹಾಸನದ ಮೇಲೆ ಸಿಕ್ಕಲಿಲ್ಲ. ಮಣೇಲಿನಲ್ಲಿ, ಬರಿಗಾಲಿನಲ್ಲಿ, ತಾಳೆಗರಿಯ ಕೊಡೆಯ ನೆರಳಲ್ಲಿ ನಡೆದುಬರುತ್ತಿದ್ದಳು. ಗದ್ದೆಗಳಿಗೆ ನೀರು ಹಾಯಿಸಲು ತೋಡಿಸುತ್ತಿದ್ದ ಹೊಸ ಕಾಲುವೆಗಳನ್ನು ನೋಡಲು ಬಂದಿದ್ದಳು. ನೋಟಕ್ಕೆ ಅಡುಗೆಯವಳಂತೆ ಕಂಡರೂ ಮಾತಿನಲ್ಲಿ ರಾಣಿಯೆಂದು ಅವನು ಬರೆದ. ಉಳ್ಳಾಲದಲ್ಲಿ ಈಗ ಕತ್ತಿ ಹಿಡಿದ ಅಬ್ಬಕ್ಕನ ಪ್ರತಿಮೆಯಿದೆ. ಅದನ್ನು ನೋಡಿದ ಮೇಲೆ ನಾನೂ ಒಂದು ಬೆಳಿಗ್ಗೆ ಬಸ್ಸು ಹಿಡಿದು ಗುರುಪುರ ಹೊಳೆಯ ಕಡೆಗೆ ಹೋದೆ. ಸುಗ್ಗಿ ಬೆಳೆಯ ಕಾಲ. ಬದುವಿನ ಮೇಲೆ ಮುದುಕಿಯೊಬ್ಬಳು ಹಾರೆಯಿಂದ ಮಣ್ಣು ಸರಿಸಿ ತನ್ನ ಗದ್ದೆಗೆ ನೀರು ತಿರುಗಿಸುತ್ತಿದ್ದಳು. ಯಾರ ಮನೆಗೆ ಬಂದಿರೆಂದು ಕೇಳಿದಳು. ಯಾರ ಮನೆಗೂ ಇಲ್ಲ, ತೋಡು ನೋಡಲು ಬಂದೆನೆಂದೆ. ಹಾಗಾದರೆ ಸ್ವಲ್ಪ ಆಚೆ ನಿಲ್ಲಿ, ನೀರು ಬರುತ್ತದೆ ಎಂದಳು.