ಬಯಲಿನಲ್ಲಿ ನಿಸ್ತಂತು: ‘ಫೀಲ್ಡ್ ಡೇ’ಯ ಚರಿತ್ರೆ

ಯುದ್ಧಕಾಲದಲ್ಲಿ ಶಸ್ತ್ರಾಭ್ಯಾಸವೆಂಬ ಮಾತು ನಮ್ಮಲ್ಲಿ ಪರಿಹಾಸಕ್ಕೆ ಹುಟ್ಟಿದುದು. ಆಪತ್ತು ಬಂದೊದಗಿದ ಮೇಲೆ ವಿದ್ಯೆಯನ್ನು ಕಲಿಯಹೊರಟವನು ತನಗಾಗಲಿ ಪರರಿಗಾಗಲಿ ಅದರಿಂದ ಉಪಕಾರವನ್ನು ಮಾಡಲಾರನು. ಈ ನೀತಿಯನ್ನು ಮನಗಂಡು, ಸುಖಕಾಲದಲ್ಲಿಯೇ ಆಪತ್ಕಾಲವನ್ನು ಕಲ್ಪಿಸಿಕೊಂಡು, ವರ್ಷಕ್ಕೊಮ್ಮೆ ಅಭ್ಯಾಸವನ್ನು ನಡೆಯಿಸುವ ಸಮುದಾಯವೊಂದು ಅಮೆರಿಕಾ ಸಂಯುಕ್ತ ಸಂಸ್ಥಾನದಲ್ಲುಂಟು. ಹವ್ಯಾಸಿ ರೇಡಿಯೋ ಸಂಘಗಳವರು ಬೇಸಗೆಯಲ್ಲಿ ಆಚರಿಸುವ ‘ಫೀಲ್ಡ್ ಡೇ’, ಎಂದರೆ ಬಯಲ ದಿನ, ಎಂಬುದೇ ಅದು.

ಧನಲಾಭದ ಅಪೇಕ್ಷೆಯಿಲ್ಲದೆ, ಸರಕಾರದ ಪರೀಕ್ಷೆಯಲ್ಲಿ ತೇರ್ಗಡೆಹೊಂದಿ, ಅನುಮತಿಪತ್ರವನ್ನು ಪಡೆದು, ತಮ್ಮ ಯಂತ್ರದಿಂದಲೇ ದೂರದವರೊಡನೆ ಸಂಭಾಷಿಸುವವರಿಗೆ ಹವ್ಯಾಸಿಗಳೆಂದು ಹೆಸರು. ಆ ದೇಶದ 1912ರ ಕಾನೂನು ಇವರಿಗೆ 200 ಮೀಟರಿಗಿಂತ ನೀಳವಾದ ಅಲೆಗಳನ್ನು ನಿಷೇಧಿಸಿತು. ಅದಕ್ಕಿಂತ ಗಿಡ್ಡವಾದವು ದೂರದ ವಾರ್ತೆಗೆ ಒದಗಲಾರವೆಂದು ಆಗಿನ ತಜ್ಞರು ಭಾವಿಸಿದ್ದರು. 1914ರಲ್ಲಿ ಹೈರಂ ಪರ್ಸಿ ಮ್ಯಾಕ್ಸಿಂ ಎಂಬವರು ಹಾರ್ಟ್‌ಫರ್ಡ್ ನಗರದಲ್ಲಿ ‘ಅಮೆರಿಕನ್ ರೇಡಿಯೋ ರಿಲೇ ಲೀಗ್’ ಎಂಬ ಸಂಸ್ಥೆಯನ್ನು ಸ್ಥಾಪಿಸಿ ಹವ್ಯಾಸಿಗಳನ್ನು ಒಗ್ಗೂಡಿಸಿದರು. 1917ರಲ್ಲಿ ದೇಶವು ಮಹಾಯುದ್ಧವನ್ನು ಪ್ರವೇಶಿಸಿದಾಗ ಸರಕಾರವು ಇವರೆಲ್ಲರ ಯಂತ್ರಗಳನ್ನು ನಿಲ್ಲಿಸಿತು. 1919ರಲ್ಲಿ ಮರಳಿ ಅನುಮತಿ ದೊರೆಯಿತು. 1923ರ ನವೆಂಬರಿನಲ್ಲಿ ಸುಮಾರು 110 ಮೀಟರಿನ ಅಲೆಯ ಮೇಲೆ ಅಮೆರಿಕಾದ ಹವ್ಯಾಸಿಗಳು ಫ್ರಾನ್ಸಿನ ಹವ್ಯಾಸಿಯೊಡನೆ ಅಟ್ಲಾಂಟಿಕ್ ಸಾಗರದಾಚೆಗೆ ಸಂಭಾಷಿಸಿದರು. ಬರಡೆಂದು ಬಿಟ್ಟುಕೊಟ್ಟ ನೆಲದಲ್ಲಿಯೇ ಬಂಗಾರದ ಬೆಳೆ ಬಂದಂತಾಯಿತು.

ಆದರೆ ಈ ಸಾಧನೆಗೆ ಒಂದು ಕೊರತೆಯಿದ್ದಿತು. ಹವ್ಯಾಸಿಯ ಯಂತ್ರವು ಮನೆಯೊಳಗಿನದು. ಅದಕ್ಕೆ ಪ್ರಾಣವಾದ ವಿದ್ಯುತ್ತು ಊರಿನ ತಂತಿಯಿಂದ ಬರತಕ್ಕುದು. ಪ್ರವಾಹವೋ ಬಿರುಗಾಳಿಯೋ ಕಂಬಗಳನ್ನು ಕೆಡಹಿದಲ್ಲಿ, ವಾರ್ತೆಯ ಅಗತ್ಯವು ಮಿಗಿಲಾದ ಆ ಹೊತ್ತಿನಲ್ಲಿಯೇ ಯಂತ್ರವು ಮೂಕವಾಗುವುದು. ಇದನ್ನರಿತು ಲೀಗಿನ ಸಂಪರ್ಕ ವ್ಯವಸ್ಥಾಪಕರಾಗಿದ್ದ ಎಫ್. ಇ. ಹ್ಯಾಂಡಿಯವರು 1933ರ ಜೂನ್ ತಿಂಗಳ ಎರಡನೆಯ ಶನಿವಾರ ಮತ್ತು ಭಾನುವಾರಗಳಂದು ಮೊದಲನೆಯ ಫೀಲ್ಡ್ ಡೇಯನ್ನು ಏರ್ಪಡಿಸಿದರು. ಮನೆಯನ್ನು ಬಿಟ್ಟು ಬಯಲಿಗೆ ಹೋಗಿ, ಒಯ್ಯಬಲ್ಲ ಯಂತ್ರದಿಂದ ವಾರ್ತೆ ಕಳುಹಿಸಿರೆಂಬುದೇ ಅದರ ತಿರುಳು.

ಈಗ ಅದು ಜೂನ್ ತಿಂಗಳ ನಾಲ್ಕನೆಯ ಪೂರ್ಣ ವಾರಾಂತ್ಯದಲ್ಲಿ ಜರಗುವುದು. ಸಂಘದವರು ತೋಟದಲ್ಲಿಯೋ ಗುಡ್ಡದ ಮೇಲೋ ಡೇರೆ ಹಾಕಿ, ಮರದಿಂದ ಮರಕ್ಕೆ ತಂತಿ ಬಿಗಿಯುವರು. 7 ಮೆಗಾಹರ್ಟ್ಸಿಗೆ ಸುಮಾರು 20 ಮೀಟರ್ ತಂತಿಯಿದ್ದರೆ ಸಾಕು. ಹಗಲು 14 ಮೆಗಾಹರ್ಟ್ಸಿನ ಅಲೆಗಳು ಮೇಲಿನ ವಾಯುಮಂಡಲದಲ್ಲಿ ಬಾಗಿ ದೂರದ ನೆಲಕ್ಕೆ ಇಳಿಯುವುವು. ಇರುಳಾದ ಮೇಲೆ 7 ಮತ್ತು 3.5 ಮೆಗಾಹರ್ಟ್ಸಿನವು ಹೆಚ್ಚು ಉಪಯುಕ್ತವಾಗುವುವು. ಹೀಗೆ ಅಹೋರಾತ್ರಿ ಸರದಿಯ ಮೇಲೆ ಕುಳಿತು ಆದಷ್ಟು ಕೇಂದ್ರಗಳೊಡನೆ ಸಂಪರ್ಕ ಸಾಧಿಸುವರು. ಗುಣಗಳನ್ನೆಣಿಸುವ ಕ್ರಮವೂ ವಿಚಾರಣೀಯವಾಗಿದೆ: ಬ್ಯಾಟರಿ ಅಥವಾ ಬಿಸಿಲಿನಿಂದ ಪಡೆದ 5 ವಾಟ್ ಮೀರದ ಶಕ್ತಿಯಿಂದ ನಡೆಯಿಸಿದವರಿಗೆ ಐದುಪಟ್ಟು ಗುಣ. ದೊಡ್ಡ ಯಂತ್ರದ ಆಡಂಬರಕ್ಕಿಂತ ಅಲ್ಪಸಾಧನದ ಜಾಣ್ಮೆಗೇ ಮನ್ನಣೆ.

ಪರೀಕ್ಷೆಯ ಕಾಲವು ಬೇಗನೆ ಬಂದಿತು. 1936ರ ಮಾರ್ಚಿನಲ್ಲಿ ಈಶಾನ್ಯ ಸಂಸ್ಥಾನಗಳಲ್ಲಿಯೂ, 1937ರ ಜನವರಿಯಲ್ಲಿ ಒಹಾಯೋ ನದಿಯ ಪಾತ್ರದಲ್ಲಿಯೂ ಮಹಾಪ್ರವಾಹಗಳುಂಟಾದಾಗ ಹವ್ಯಾಸಿಗಳು ಜಲಾವೃತವಾದ ಊರುಗಳ ಸುದ್ದಿಯನ್ನು ಹೊರಗಿನವರಿಗೆ ಮುಟ್ಟಿಸಿದರು. ಹಾಗಿದ್ದರೂ 1941ರ ಡಿಸೆಂಬರಿನಲ್ಲಿ ಯುದ್ಧ ಬಂದೊಡನೆ ಸರಕಾರವು ಇವರನ್ನು ಮತ್ತೆ ಮೌನಕ್ಕೆ ಗುರಿಮಾಡಿತು. 1942ರಿಂದ 1945ರ ವರೆಗೆ ಬಯಲ ದಿನವು ನಡೆಯಲಿಲ್ಲ. ಆದರೂ 1942ರಲ್ಲಿ ನಾಗರಿಕ ರಕ್ಷಣೆಗಾಗಿ ಯುದ್ಧಕಾಲದ ತುರ್ತು ರೇಡಿಯೋ ಸೇವೆಯನ್ನು ಏರ್ಪಡಿಸಿದಾಗ ಇದೇ ಹವ್ಯಾಸಿಗಳ ನೈಪುಣ್ಯವು ಬೇಕಾಯಿತು. 1946ರಲ್ಲಿ ಡೇರೆಗಳು ಬಯಲಿನಲ್ಲಿ ಮರಳಿ ಎದ್ದವು.

ಆಕಾಶದಲ್ಲಿ ಪ್ರಜೆಯೊಬ್ಬನ ಸ್ವತಂತ್ರವಾದ ಧ್ವನಿಯನ್ನು ಯಾವ ಪ್ರಭುತ್ವವೂ ಸಂದೇಹವಿಲ್ಲದೆ ಸಹಿಸದು. ಆ ಸಂದೇಹಕ್ಕೆ ಹವ್ಯಾಸಿಗಳು ವಾದದಿಂದಲ್ಲ, ಸೇವೆಯಿಂದ ಉತ್ತರವಿತ್ತರು. ಭಾರತದಲ್ಲಿಯೂ ಇದಕ್ಕೆ ನಿದರ್ಶನವುಂಟು. ಬಹುವರ್ಷ ಹವ್ಯಾಸಿಗಳಿಗೆ ಮುಚ್ಚಿದ್ದ ಅಂಡಮಾನಿನಿಂದ ಸಂಭಾಷಿಸಲು 2004ರಲ್ಲಿ ಅನುಮತಿ ದೊರೆತು, ತಂಡವೊಂದು ಪೋರ್ಟ್‌ಬ್ಲೇರಿಗೆ ಹೋಗಿದ್ದಿತು. ಡಿಸೆಂಬರ್ 26ರಂದು ಭೂಕಂಪವಾಗಿ ಕಡಲು ಉಕ್ಕಿ ದೂರವಾಣಿಗಳು ಕೆಟ್ಟವು. ವಿನೋದಕ್ಕೆಂದು ಹೋದವರು ಅದನ್ನು ಬಿಟ್ಟು, ದ್ವೀಪವಾಸಿಗಳ ಕ್ಷೇಮಸಮಾಚಾರವನ್ನು ನಾಡಿನವರಿಗೆ ತಲಪಿಸುವುದರಲ್ಲಿ ತೊಡಗಿದರು.

ಈಗ ಕೈಗೊಂದು ದೂರವಾಣಿಯಿರುವಾಗ ಈ ಪ್ರಯಾಸವೇಕೆಂದು ಕೇಳಬಹುದು. ಆ ದೂರವಾಣಿಯ ಗೋಪುರವೂ ವಿದ್ಯುತ್ತನ್ನೇ ನಂಬಿ ನಿಂತಿರುವುದು. ಭಾನುವಾರ ತಂತಿಯನ್ನು ಸುತ್ತಿ ಡೇರೆಯನ್ನು ಮಡಿಚಿದ ತರುವಾಯ ಬಯಲಿನಲ್ಲಿ ಏನೂ ಉಳಿಯದು. ಕೈಗಂಟಿದ ಅಭ್ಯಾಸವು ಮಾತ್ರ ಹವ್ಯಾಸಿಯೊಡನೆ ಮನೆಗೆ ಹೋಗುವುದು. ವಿಪತ್ತಿನ ದಿನ ಊರಿಗೆ ಒದಗತಕ್ಕುದು ಅದೇ.