ಟ್ರಾನ್ಸ್‌ಮಿಟರ್ ಕೋಣೆಯ ಕಡೆಯಿಂದ

ರೇಡಿಯೋ ಕುರಿತ ಸ್ಮರಣ ಸಂಚಿಕೆಯಲ್ಲಿ ಯಾರ್‍ಯಾರ ಹೆಸರು ಬರುತ್ತದೆಂದು ಪುಟ ತೆರೆಯುವ ಮೊದಲೇ ಹೇಳಿಬಿಡಬಹುದು. ಹಾಡಿದವರು, ನಾಟಕ ಬರೆದವರು, ವಾರ್ತೆ ಓದಿದವರು, ರೈತರಿಗೆ ಬಿತ್ತನೆಯ ವೇಳೆ ತಿಳಿಸಿದವರು. ಅದರಲ್ಲಿ ತಪ್ಪೇನಿಲ್ಲ, ಕೇಳಿಸಿದ್ದು ಅವರ ದನಿಯೇ. ಆದರೆ ಆ ದನಿ ಯಾವ ಊರಿನವರೆಗೆ ಹೋಯಿತು, ಎಲ್ಲಿ ಕರಕರ ಸದ್ದಾಗಿ ಸತ್ತಿತು ಎಂಬುದು ತೀರ್ಮಾನವಾಗಿದ್ದು ಬೇರೊಂದು ಕೋಣೆಯಲ್ಲಿ. ಮೈಸೂರು ಆಕಾಶವಾಣಿಗೆ ತೊಂಬತ್ತು ತುಂಬಿದ ಈ ಹೊತ್ತಿನಲ್ಲಿ ಅದರ ಕಥೆಯನ್ನು ಆ ಕೋಣೆಯ ಕಡೆಯಿಂದ, ವ್ಯಾಟು ಕಿಲೋವ್ಯಾಟುಗಳ ಲೆಕ್ಕದಲ್ಲಿ ಹೇಳುವುದು ನನ್ನ ಉದ್ದೇಶ.

ಲೆಕ್ಕ ಶುರುವಾಗುವುದು 30ರಿಂದ. 1935ರ ಸೆಪ್ಟೆಂಬರ್ 10ರಂದು ಒಂಟಿಕೊಪ್ಪಲಿನ ‘ವಿಠ್ಠಲ ವಿಹಾರ’ ಎಂಬ ಮನೆಯಿಂದ 30 ವ್ಯಾಟ್‌ನ ಟ್ರಾನ್ಸ್‌ಮಿಟರ್ ಒಂದು ಪ್ರಸಾರ ಆರಂಭಿಸಿತು. ಮನೆಯ ಯಜಮಾನರು ಎಂ.ವಿ. ಗೋಪಾಲಸ್ವಾಮಿ, ಮಹಾರಾಜಾ ಕಾಲೇಜಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರು. ಲಂಡನ್ನಿನಲ್ಲಿ ಮನಃಶಾಸ್ತ್ರಜ್ಞ ಸ್ಪಿಯರ್‌ಮನ್ ಅವರ ಬಳಿ ಕಲಿತು ಬಂದು, ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಃಶಾಸ್ತ್ರ ವಿಭಾಗವನ್ನು ಕಟ್ಟಿ ನಿಲ್ಲಿಸಿದವರು. ಎಂಜಿನಿಯರಿಂಗ್ ಅವರ ಕಸುಬಲ್ಲ. ಹಾಗಿದ್ದೂ ಸ್ವಂತ ಮನೆಯಲ್ಲಿ, ಬಹುಮಟ್ಟಿಗೆ ಸ್ವಂತ ಕೈಯಿಂದ ಖರ್ಚು ಹಾಕಿ ಒಂದು ನಿಲಯ ನಡೆಸಲು ಹೊರಟರು. ಇದನ್ನು ಹುಚ್ಚು ಎನ್ನಬಹುದಿತ್ತು. ಮೈಸೂರು ಹಾಗೆನ್ನಲಿಲ್ಲ, ಪ್ರೋತ್ಸಾಹಿಸಿತು.

ಊರೂ ಅದಕ್ಕೆ ತಕ್ಕಂತೆ ತಯಾರಾಗಿತ್ತು ಎಂಬುದನ್ನು ಮರೆಯಬಾರದು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹೋಯಿತು. 1908ರ ಹೊತ್ತಿಗೆ ಮೈಸೂರಿನ ಬೀದಿಗೂ ದೀಪ ಬಂತು. ವಿದ್ಯುತ್ತಿಲ್ಲದ ಊರಿನಲ್ಲಿ ಪ್ರಾಧ್ಯಾಪಕರೊಬ್ಬರು ಮನೆಯಲ್ಲಿ ಟ್ರಾನ್ಸ್‌ಮಿಟರ್ ಇಟ್ಟುಕೊಳ್ಳುವ ಮಾತೇ ಏಳುತ್ತಿರಲಿಲ್ಲ. ದೇಶದ ಕಡೆ ನೋಡಿದರೆ, 1927ರಲ್ಲಿ ಮುಂಬಯಿ, ಕಲ್ಕತ್ತೆಗಳಲ್ಲಿ ಪ್ರಸಾರ ಶುರುಮಾಡಿದ ಖಾಸಗಿ ಕಂಪನಿ ಮೂರು ವರ್ಷಕ್ಕೇ ಬಾಗಿಲು ಹಾಕಿತ್ತು, ಸರ್ಕಾರ ಅದನ್ನು ಕೈಗೆತ್ತಿಕೊಂಡು ತಡವರಿಸುತ್ತಿತ್ತು. ದೆಹಲಿ ನಿಲಯ ಶುರುವಾದದ್ದು 1936ರ ಜನವರಿ 1ಕ್ಕೆ. ಒಂಟಿಕೊಪ್ಪಲು ದೆಹಲಿಗಿಂತ ನಾಲ್ಕು ತಿಂಗಳಿಗೆ ಹತ್ತಿರ ಹತ್ತಿರ ಮೊದಲು ಮಾತಾಡಿತ್ತು.

30 ವ್ಯಾಟ್ ಎಂದರೆ ಎಷ್ಟು? ನಡುಮನೆಯ ಹಳೆಯ ಗಾಜಿನ ಬಲ್ಬಿಗಿಂತ ಕಡಿಮೆ. ಅಷ್ಟರಿಂದ ಊರೊಳಗೆ ಸ್ಪಷ್ಟವಾಗಿ, ಊರಾಚೆಗೆ ಅದೃಷ್ಟವಿದ್ದ ಹಾಗೆ ಕೇಳಿಸಬಹುದು. ಇಂದಿನಂತೆ ಪ್ರತಿ ಮನೆಯಲ್ಲೂ ಮೋಟಾರು, ಚಾರ್ಜರು, ಎಲ್.ಇ.ಡಿ. ದೀಪಗಳ ಗದ್ದಲ ಆಗಿರಲಿಲ್ಲವಾದ್ದರಿಂದ ದುರ್ಬಲ ತರಂಗಕ್ಕೂ ದಾರಿ ಸಿಗುತ್ತಿತ್ತು. ಕೇಳುವವರ ಮನೆಯಲ್ಲಿ ವಾಲ್ವ್ ಸೆಟ್ಟು ಬೇಕು, ಛಾವಣಿಯ ಮೇಲೆ ಉದ್ದನೆಯ ತಂತಿ ಎಳೆದಿರಬೇಕು, ಸೆಟ್ಟಿಗೆ ಲೈಸೆನ್ಸು ಇರಬೇಕು. ಮೊದಲ ಕೇಳುಗರು ಬೆರಳೆಣಿಕೆಯವರು, ಅದೂ ಉಳ್ಳವರು. ಕನ್ನಡ ರೇಡಿಯೋದ ಆರಂಭವನ್ನು ಜನಜಾತ್ರೆಯಂತೆ ಬಣ್ಣಿಸುವವರು ಈ 30 ವ್ಯಾಟ್‌ನ ಮಿತಿಯನ್ನು ಒಮ್ಮೆ ನೆನೆಯುವುದು ಒಳ್ಳೆಯದು.

ಮುಂದೆ 250 ವ್ಯಾಟ್‌ನ ಯಂತ್ರ ಬಂತು. ಎಂಟು ಪಟ್ಟು ಶಕ್ತಿ ಹೆಚ್ಚಿದರೆ ಎಂಟು ಪಟ್ಟು ದೂರ ಕೇಳಿಸೀತು ಎಂದು ಹೊರಗಿನವರಿಗೆ ಅನಿಸುವುದು ಸಹಜ. ತರಂಗ ಅಷ್ಟು ಉದಾರಿಯಲ್ಲ. ಒಂದು ಜಾಗದಲ್ಲಿ ಸಿಗ್ನಲ್ಲಿನ ಬಲ ಎರಡರಷ್ಟಾಗಬೇಕಾದರೆ ಟ್ರಾನ್ಸ್‌ಮಿಟರಿನ ಶಕ್ತಿ ನಾಲ್ಕರಷ್ಟಾಗಬೇಕು. ಅಂದರೆ 30ರಿಂದ 250ಕ್ಕೆ ಏರಿದಾಗ ಮೈಸೂರಿನ ದನಿಗೆ ಸಿಕ್ಕ ಬಲ ಸುಮಾರು ಮೂರು ಪಟ್ಟು. ಪ್ರಸಾರ ಎಂಜಿನಿಯರುಗಳ ಬದುಕೆಲ್ಲ ಈ ಜಿಪುಣ ಲೆಕ್ಕದೊಡನೆ ಜಗ್ಗಾಡಿದ್ದೇ. ಕಾರ್ಯಕ್ರಮದವರು ಇನ್ನೂ ನಾಲ್ಕು ತಾಲ್ಲೂಕಿಗೆ ಕೇಳಿಸಲಿ ಎಂದು ಸುಲಭವಾಗಿ ಕೇಳಿಬಿಡುತ್ತಾರೆ. ಅದಕ್ಕೆ ಇವರು ಹೊಸ ಯಂತ್ರ, ಹೊಸ ಮಾಸ್ಟು, ಹೊಸ ಸಬ್‌ಸ್ಟೇಷನ್ನು ಎಂದು ಪಟ್ಟಿ ಹಿಡಿದು ನಿಲ್ಲಬೇಕು.

ಆರು ವರ್ಷ ಗೋಪಾಲಸ್ವಾಮಿಯವರು ಎಳೆದರು. ಸಾಹಿತಿ ನಾ. ಕಸ್ತೂರಿಯವರೂ ಜೊತೆಗೂಡಿದ ಕಾಲ ಅದು. 1942ರಲ್ಲಿ ನಿಲಯ ಮೈಸೂರು ಸರ್ಕಾರದ ಕೈಗೆ ಹೋಯಿತು, 1950ರ ಏಪ್ರಿಲ್ 1ರಂದು ಹೈದರಾಬಾದ್, ಔರಂಗಾಬಾದ್, ತಿರುವನಂತಪುರಗಳಂಥ ಸಂಸ್ಥಾನದ ನಿಲಯಗಳ ಜೊತೆ ಆಲ್ ಇಂಡಿಯಾ ರೇಡಿಯೋದಲ್ಲಿ ಸೇರಿತು. ಆ ಹೊತ್ತಿಗಾಗಲೇ, ಅದೇ ವರ್ಷದ ಜನವರಿ 8ರಂದು, ಧಾರವಾಡದಲ್ಲಿ ನಿಲಯ ಹುಟ್ಟಿತ್ತು.

1955ರ ನವೆಂಬರ್ 2ರಂದು ಮೈಸೂರಿನ ನಿಲಯ ಬೆಂಗಳೂರಿಗೆ ಹೋಯಿತು. ಮೈಸೂರಿಗೆ ಮತ್ತೆ ತನ್ನದೇ ನಿಲಯ ಸಿಕ್ಕಿದ್ದು 1974ರ ನವೆಂಬರ್ 14ಕ್ಕೆ. ಹತ್ತೊಂಬತ್ತು ವರ್ಷದ ಈ ಖಾಲಿಯನ್ನು ಸ್ಮರಣ ಲೇಖನಗಳು ಒಂದು ವಾಕ್ಯದಲ್ಲಿ ದಾಟಿಬಿಡುತ್ತವೆ. ಎಂಜಿನಿಯರನ ಕಣ್ಣಿನಿಂದ ನೋಡಿದರೆ ಬೆಂಗಳೂರಿನ ಆಯ್ಕೆ ತಪ್ಪಲ್ಲ. ರಾಜಧಾನಿಯಲ್ಲಿ ದೊಡ್ಡ ಯಂತ್ರ ಕೂರಿಸಿದರೆ ಮೈಸೂರಿಗೂ ಕೇಳಿಸುತ್ತದೆ, ಎರಡು ಕಡೆ ಸಿಬ್ಬಂದಿ, ಎರಡು ಕಡೆ ಬಿಡಿಭಾಗ ಯಾಕೆ? ಆದರೆ ಕೇಳಿಸುವುದು ಒಂದು, ಆಡುವುದು ಇನ್ನೊಂದು. ಭೂಪಟದ ಮೇಲೆ ಎಳೆದ ಪ್ರಸಾರ ವ್ಯಾಪ್ತಿಯ ಗೆರೆಯೊಳಗೆ ಮೈಸೂರು ಇತ್ತು. ಮೈಕಿನ ಮುಂದೆ ಮಾತ್ರ ಇರಲಿಲ್ಲ. ನಮ್ಮ ಕಸುಬಿನವರ ಲೆಕ್ಕ ಒಂದೊಂದು ಸಲ ಸರಿಯಿದ್ದೂ ಸಾಲದಾಗುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಇನ್ನು ಆ ಕೋಣೆಯೊಳಗೆ ಹೋಗೋಣ. ಬೆಂಗಳೂರಿನ 612 ಕಿಲೋಹರ್ಟ್ಸ್, ಧಾರವಾಡದ 765, ಎರಡೂ 200 ಕಿಲೋವ್ಯಾಟ್‌ಗೆ ಬೆಳೆದ ಮಧ್ಯಮ ತರಂಗದ ಕೇಂದ್ರಗಳು. ವಾಲ್ವ್ ಟ್ರಾನ್ಸ್‌ಮಿಟರುಗಳ ಕಾಲದಲ್ಲಿ ಮುಂಜಾನೆಯ ಪಾಳಿಯವನು ಸಂಕೇತ ಸಂಗೀತಕ್ಕಿಂತ ಬಹಳ ಮೊದಲೇ ಹಾಜರಿರಬೇಕು. ಮೊದಲು ತಂಪು ಮಾಡುವ ಗಾಳಿ, ನೀರು. ಆಮೇಲೆ ಫಿಲಮೆಂಟ್. ಅದು ಕಾಯುವವರೆಗೆ ಸುಮ್ಮನೆ ಕಾಯಬೇಕು, ಅವಸರ ಮಾಡಿದರೆ ವಾಲ್ವ್ ಹೋಗುತ್ತದೆ. ಅದರ ನಂತರ ಎಚ್.ಟಿ., ಅಂದರೆ ಹೈ ಟೆನ್ಷನ್ ವಿದ್ಯುತ್ತು, ಸುಮಾರು ಹತ್ತು ಸಾವಿರ ವೋಲ್ಟು. ಕ್ಯಾಬಿನೆಟ್ಟಿನ ಬಾಗಿಲು ತೆರೆದರೆ ಎಚ್.ಟಿ. ತಾನೇ ಕಡಿದುಹೋಗುವಂತೆ ಇಂಟರ್‌ಲಾಕ್ ಇರುತ್ತದೆ. ಅಷ್ಟಿದ್ದರೂ ಅದನ್ನೊಂದನ್ನೇ ನಂಬಿ ಒಳಗೆ ಕೈಹಾಕುವವರಿಲ್ಲ. ಗೋಡೆಗೆ ತೂಗುಹಾಕಿದ ಅರ್ತಿಂಗ್ ರಾಡನ್ನು ಕೆಪಾಸಿಟರುಗಳಿಗೆ ತಾಗಿಸಿ, ಉಳಿದ ಚಾರ್ಜು ಚಟ್ ಎಂದು ಇಳಿದ ಮೇಲೆಯೇ ಕೈ. ಹಿರಿಯರು ಹೊಸಬನಿಗೆ ಮೊದಲು ಕಲಿಸುವುದು ಸರ್ಕಿಟ್ಟನ್ನಲ್ಲ, ಈ ರಾಡ್ ಹಿಡಿಯುವುದನ್ನು.

ಕ್ಯಾರಿಯರ್, ಅಂದರೆ ದನಿಯನ್ನು ಹೊರುವ ತರಂಗ, ಎದ್ದ ಮೇಲೆ ಲಾಗ್‌ಬುಕ್. ಗಂಟೆಗೊಮ್ಮೆ ಪ್ಲೇಟ್ ವೋಲ್ಟೇಜು, ಪ್ಲೇಟ್ ಕರೆಂಟು, ಆಂಟೆನಾ ಕರೆಂಟು, ನೀರಿನ ಉಷ್ಣತೆ. ಬೇರೆ ಯಾರೂ ಎಂದೂ ಓದದ ಪುಟಗಳು. ಆದರೆ ಆಂಟೆನಾ ಕರೆಂಟು ಮೂರು ವಾರದಿಂದ ತುಸುತುಸುವೇ ಇಳಿಯುತ್ತಿದೆ ಎಂದು ಆ ಕಾಲಂ ನೋಡಿಯೇ ಗೊತ್ತಾಗಬೇಕು, ಮಾಸ್ಟಿನ ಬುಡದಲ್ಲಿ ಎಲ್ಲೋ ತಾಮ್ರದ ಜಾಯಿಂಟ್ ಹಸಿರುಗಟ್ಟಿದೆ ಎಂದು ಅದರಿಂದಲೇ ಊಹಿಸಬೇಕು.

ಮಾಸ್ಟ್ ಎಂದೆ. ಮಧ್ಯಮ ತರಂಗದಲ್ಲಿ ಆಂಟೆನಾವನ್ನು ಕಂಬದ ಮೇಲೆ ಕಟ್ಟುವುದಿಲ್ಲ, ಕಂಬವೇ ಆಂಟೆನಾ. 612 ಕಿಲೋಹರ್ಟ್ಸ್ ತರಂಗದ ಉದ್ದ 490 ಮೀಟರು; ಅದರ ಕಾಲು ಭಾಗದ ಮಾಸ್ಟ್ ಎಂದರೂ 120 ಮೀಟರ್ ದಾಟುತ್ತದೆ. ಅಷ್ಟು ಎತ್ತರದ ಉಕ್ಕು ಪೂರ್ತಿಯಾಗಿ ಒಂದು ಪಿಂಗಾಣಿ ಇನ್ಸುಲೇಟರಿನ ಮೇಲೆ ನಿಂತಿರುತ್ತದೆ, ನೆಲವನ್ನು ಮುಟ್ಟುವಂತಿಲ್ಲ. ಸುತ್ತಲಿನ ಬಯಲು ಖಾಲಿ ಜಮೀನೆಂದು ದಾರಿಹೋಕರಿಗೆ ಕಾಣುತ್ತದೆ. ಅದರಡಿ ಮಾಸ್ಟಿನ ಬುಡದಿಂದ ಚಕ್ರದ ಕಡ್ಡಿಗಳ ಹಾಗೆ ತಾಮ್ರದ ತಂತಿ ಹೂತಿರುತ್ತದೆ, ಮೂರು ಡಿಗ್ರಿಗೊಂದರಂತೆ ಹಾಕಿದರೆ 120 ತಂತಿ. ತಾಮ್ರಕ್ಕೆ ಬೆಲೆ ಇರುವುದರಿಂದ ಕಳ್ಳರ ಕಾಟವೂ ಈ ಕಸುಬಿನ ಭಾಗವೇ.

ಮಾಸ್ಟಿನ ಬುಡದಲ್ಲಿ ಎರಡು ಲೋಹದ ಗುಂಡುಗಳು ಎದುರುಬದುರಾಗಿ ಇರುತ್ತವೆ. ನಡುವೆ ಸಣ್ಣ ಸಂದು. ಸಿಡಿಲಿನ ವಿದ್ಯುತ್ತು ಟ್ರಾನ್ಸ್‌ಮಿಟರಿನೊಳಗೆ ನುಗ್ಗದೆ ಆ ಸಂದು ಹಾರಿ ಭೂಮಿಗಿಳಿಯಲಿ ಎಂದು. ಮೇ ತಿಂಗಳ ಸಂಜೆ ಗುಡುಗು ಕವಿದಾಗ ಒಮ್ಮೆ ಅಲ್ಲಿ ಕಿಡಿ ಹತ್ತಿಕೊಂಡಿತೆಂದರೆ, ಟ್ರಾನ್ಸ್‌ಮಿಟರಿನ ಶಕ್ತಿಯೇ ಅದನ್ನು ಉರಿಸುತ್ತ ಹೋಗುತ್ತದೆ, ಮತ್ತು ಆ ಕಿಡಿ ಮಾತಾಡುತ್ತದೆ. ರೇಡಿಯೋ ಸೆಟ್ಟಿಲ್ಲ, ಸ್ಪೀಕರ್ ಇಲ್ಲ, ಬೆಂಕಿಯೇ ಕೃಷಿ ಸಲಹೆ ಓದುತ್ತಿರುತ್ತದೆ. ರಕ್ಷಣಾ ರಿಲೇ ಕ್ಯಾರಿಯರನ್ನು ಕ್ಷಣಕಾಲ ಕಡಿದು ಕಿಡಿ ಆರಿಸಿ ಮತ್ತೆ ಎಬ್ಬಿಸುತ್ತದೆ. ಮನೆಯಲ್ಲಿ ಕೂತವರಿಗೆ ಅದು ಒಂದು ‘ಟಕ್’ ಸದ್ದು, ಅಷ್ಟೇ.

ನೆಲದ ಗುಣವೂ ಈ ಕಥೆಯಲ್ಲಿ ಪಾತ್ರಧಾರಿ. ತೇವದ ಮಣ್ಣಿನಲ್ಲಿ ಮಧ್ಯಮ ತರಂಗ ಸಲೀಸಾಗಿ ಹರಿಯುತ್ತದೆ, ಒಣ ಬಂಡೆಯಲ್ಲಿ ಏದುಸಿರು ಬಿಡುತ್ತದೆ. ಮಂಗಳೂರು ಆಕಾಶವಾಣಿಯ 1089 ಕಿಲೋಹರ್ಟ್ಸ್ ಟ್ರಾನ್ಸ್‌ಮಿಟರ್ ಇರುವುದು ಬ್ರಹ್ಮಾವರದಲ್ಲಿ, ಕಡಲಿಗೆ ಹತ್ತಿರ. ಉಪ್ಪುನೀರಿಗಿಂತ ಒಳ್ಳೆಯ ವಾಹಕ ನೆಲದ ಮೇಲೆಲ್ಲೂ ಸಿಗದು. ಬೆಳಿಗ್ಗೆ ದೋಣಿಯಲ್ಲಿದ್ದವನಿಗೆ ಕೇಳಿಸುವಷ್ಟು ಚೆನ್ನಾಗಿ ಅಷ್ಟೇ ದೂರದ ಘಟ್ಟದ ಮೇಲಿನವನಿಗೆ ಕೇಳಿಸುವುದಿಲ್ಲ. ಧಾರವಾಡದ 765 ಗಡಿ ದಾಟಿ ಗೋವೆ, ಸಾಂಗಲಿ, ಕೊಲ್ಹಾಪುರದ ಕಡೆಯ ಕನ್ನಡದ ಮನೆಗಳನ್ನೂ ಮುಟ್ಟಿತು. ರಾಜ್ಯದ ಗಡಿಯ ಜಗಳ ತರಂಗಕ್ಕೆ ತಿಳಿಯದು. ಕತ್ತಲಾದ ಮೇಲಂತೂ ಆಕಾಶದ ಪದರಗಳಿಗೆ ತಾಗಿ ಎಲ್ಲೆಲ್ಲಿಗೋ ಇಳಿಯುತ್ತದೆ, ದೂರದ ಯಾವುದೋ ನಿಲಯದ ಜೊತೆ ಕಲೆಸಿಹೋಗುತ್ತದೆ.

ಈ ಯಂತ್ರಗಳಲ್ಲಿ ಎಷ್ಟೋ ಹುಟ್ಟಿದ್ದು ಬೆಂಗಳೂರಿನ ನಮ್ಮ ಜಾಲಹಳ್ಳಿಯಲ್ಲೇ. 1954ರಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ (ಬಿ.ಇ.ಎಲ್.) ಸೈನ್ಯದ ಕೆಲಸಕ್ಕೆಂದು ಶುರುವಾದರೂ ಆಕಾಶವಾಣಿ, ದೂರದರ್ಶನಗಳ ಟ್ರಾನ್ಸ್‌ಮಿಟರುಗಳನ್ನೂ ವಾಲ್ವುಗಳನ್ನೂ ಮಾಡಿತು. ಬಿಡಿಭಾಗಕ್ಕೆ ವಿದೇಶಕ್ಕೆ ಬರೆದು ಕಾಯುವುದಕ್ಕೂ ಜಾಲಹಳ್ಳಿಗೆ ಫೋನು ಮಾಡುವುದಕ್ಕೂ ಇದ್ದ ವ್ಯತ್ಯಾಸ, ನಿಲಯ ಕೆಟ್ಟು ನಿಂತ ರಾತ್ರಿ ಡ್ಯೂಟಿಯಲ್ಲಿದ್ದವನಿಗೇ ಗೊತ್ತು. ಟಿ.ವಿ.ಯದ್ದು ಬೇರೆಯೇ ಸಂಚಿಕೆಗೆ ಸಾಕಾಗುವ ಕಥೆ. 1975ರ ಆಗಸ್ಟಿನಿಂದ ಒಂದು ವರ್ಷ ಎ.ಟಿ.ಎಸ್-6 ಉಪಗ್ರಹದಿಂದ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳಿಗೆ ಕಾರ್ಯಕ್ರಮ ಇಳಿಸಿದ್ದನ್ನು, ಬೆಂಗಳೂರು ದೂರದರ್ಶನಕ್ಕಿಂತ ಮೊದಲೇ ಗುಲ್ಬರ್ಗ ಟಿ.ವಿ. ನೋಡಿದ್ದನ್ನು ಅಲ್ಲಿಯವರು ಈಗಲೂ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ, ಹೇಳಿಕೊಳ್ಳಬೇಕಾದ್ದೇ.

ಲೆಕ್ಕದ ತುದಿ ಯಲಹಂಕದಲ್ಲಿದೆ. ಹೊರದೇಶಗಳ ಪ್ರಸಾರಕ್ಕೆ ಅಲ್ಲಿ 500 ಕಿಲೋವ್ಯಾಟ್‌ನ ಹ್ರಸ್ವ ತರಂಗದ ಟ್ರಾನ್ಸ್‌ಮಿಟರುಗಳು ನಿಂತವು. 30 ವ್ಯಾಟ್ ಒಂಟಿಕೊಪ್ಪಲಿಗೆ ಸಾಕಾದರೆ, ಯಲಹಂಕದ ಒಂದೊಂದು ಯಂತ್ರ ಯುರೋಪಿನ ಕಡೆ ಮುಖಮಾಡಿ ಮಾತಾಡುತ್ತಿತ್ತು. ಅದೇ ಹೊತ್ತಿಗೆ ಇನ್ನೊಂದು ಕಡೆ ಎಫ್.ಎಂ. ಬಂದು ಲೆಕ್ಕವನ್ನೇ ತಿರುವಿಹಾಕಿತು. ಮೈಸೂರಿನ 100.6 ಮೆಗಾಹರ್ಟ್ಸ್ ತರಂಗದ ಉದ್ದ ಬರೀ ಮೂರು ಮೀಟರು. ಅದಕ್ಕೆ ಮಣ್ಣು ಬೇಡ, ಕಣ್ಣಳತೆಯ ನೇರ ದಾರಿ ಬೇಕು. ಕಂಬ ಈಗ ಬರೀ ಊರುಗೋಲು, ಆಂಟೆನಾ ಅದರ ತುದಿಯಲ್ಲಿ. ಗುಡ್ಡದ ಹಿಂದಿನ ಊರು ಕುರುಡು. ಮಡಿಕೇರಿಯಂಥ ಕಡೆ ಎತ್ತರ ಒಂದು ಬದಿಗೆ ವರ, ಇನ್ನೊಂದು ಕಣಿವೆಗೆ ಶಾಪ. ದನಿ ಮಾತ್ರ ಗಾಜಿನಷ್ಟು ತಿಳಿ. ಕಿಲೋವ್ಯಾಟ್‌ಗಿಂತ ಎತ್ತರ ಮುಖ್ಯವಾದದ್ದನ್ನು ಮಧ್ಯಮ ತರಂಗದಲ್ಲಿ ಪಳಗಿದವರು ಒಪ್ಪಿಕೊಳ್ಳಲು ಸ್ವಲ್ಪ ಕಾಲ ಹಿಡಿಯಿತು.

1995ರಲ್ಲಿ ಸುಪ್ರೀಂ ಕೋರ್ಟು ತರಂಗಗಳು ಸಾರ್ವಜನಿಕರ ಸ್ವತ್ತು ಎಂದಿತು. 2001ರ ಜುಲೈನಲ್ಲಿ ದೇಶದ ಮೊದಲ ಖಾಸಗಿ ಎಫ್.ಎಂ. ನಿಲಯ ಬೆಂಗಳೂರಿನಲ್ಲೇ ತೆರೆಯಿತು. ಕೋಲಾರ ಜಿಲ್ಲೆಯ ಬೂದಿಕೋಟೆಯವರು ಪ್ರಸಾರದ ಪರವಾನಗಿ ಇಲ್ಲದ ದಿನಗಳಲ್ಲಿ ‘ನಮ್ಮ ಧ್ವನಿ’ಯನ್ನು ಕೇಬಲ್ ತಂತಿಯ ಮೂಲಕವೇ ಮನೆಮನೆಗೆ ಹರಿಸಿದರು. 2006ರ ನಿಯಮಗಳು ಸಮುದಾಯ ರೇಡಿಯೋಗೆ ಹೊರಸೂಸುವ ಶಕ್ತಿಯ ಮಿತಿ 100 ವ್ಯಾಟ್ ಎಂದು ಗೊತ್ತುಮಾಡಿದವು. ಸಣ್ಣ ವ್ಯಾಟಿಗೆ ಮತ್ತೆ ಬೆಲೆ ಬಂದದ್ದು ಹೀಗೆ.

ಇತ್ತೀಚಿನದನ್ನು ಚುಟುಕಾಗಿ ಹೇಳಬಹುದು. ವಾಲ್ವ್ ಹೋಗಿ ಟ್ರಾನ್ಸಿಸ್ಟರ್ ಮಾಡ್ಯೂಲು ಬಂತು, ಒಂದು ಕೆಟ್ಟರೆ ಉಳಿದವು ನಡೆಸುತ್ತವೆ. ಬೆಂಗಳೂರು, ಧಾರವಾಡಗಳ ಮಧ್ಯಮ ತರಂಗಕ್ಕೆ ಡಿಜಿಟಲ್ ಡಿ.ಆರ್.ಎಂ. ಸೌಲಭ್ಯ ಬಂತು, ಅದನ್ನು ಹಿಡಿಯುವ ಸೆಟ್ಟು ಮನೆಗಳಲ್ಲಿ ಅಪರೂಪವಾಗಿ, ಕೆಲವು ಕಾರುಗಳಲ್ಲಿ ಮಾತ್ರ ಉಳಿದದ್ದು ಎಂಜಿನಿಯರುಗಳ ಕೈಮೀರಿದ ಮಾತು. ದೆಹಲಿಯಲ್ಲಿ ಬ್ರಾಡ್‌ಕಾಸ್ಟ್ ಎಂಜಿನಿಯರಿಂಗ್ ಸೊಸೈಟಿ ನಡೆಸುವ ಎಕ್ಸ್‌ಪೋದಲ್ಲಿ ಈಗ ಟ್ರಾನ್ಸ್‌ಮಿಟರಿಗಿಂತ ಸರ್ವರುಗಳ ಮಳಿಗೆ ಹೆಚ್ಚು. ಹಗಲುರಾತ್ರಿ ಪಾಳಿ ನಡೆಯುತ್ತಿದ್ದ ಹಾಲ್‌ಗಳಲ್ಲಿ ಜನ ಕಡಿಮೆಯಾಗಿದ್ದಾರೆ.

ನಿಲಯದವರಲ್ಲಿ ನನ್ನದೊಂದು ಕೋರಿಕೆ. ಕಲಾವಿದರ ಹಳೆಯ ಟೇಪುಗಳನ್ನು ಕಾಪಾಡುವ ಕಾಳಜಿಯಲ್ಲೇ ಹಳೆಯ ಲಾಗ್‌ಬುಕ್ಕುಗಳನ್ನೂ ರದ್ದಿಗೆ ಹಾಕದೆ ಉಳಿಸಿಕೊಳ್ಳಿ. ವಾಲ್ವ್ ಕಾಲದಲ್ಲಿ ಪಾಳಿ ಮಾಡಿದವರು ಇನ್ನೂ ಕೆಲವರಿದ್ದಾರೆ, ಅವರನ್ನು ಕರೆದು ಸ್ಟುಡಿಯೋದಲ್ಲಿ ಕೂರಿಸಿ ರೆಕಾರ್ಡ್ ಮಾಡಿ. ಸಂದರ್ಶಕರಿಗೆ ಏನು ಕೇಳಬೇಕೆಂದು ತೋಚದಿದ್ದರೆ ಇಷ್ಟು ಕೇಳಿದರೆ ಸಾಕು: ಗುಂಡುಗಳ ನಡುವಿನ ಸಂದನ್ನು ಮಳೆಗಾಲಕ್ಕೆ ಎಷ್ಟಕ್ಕೆ ಇಡುತ್ತಿದ್ದಿರಿ, ಡೀಸೆಲ್ ಸೆಟ್ಟು ಹತ್ತದ ದಿನ ಏನು ಮಾಡಿದಿರಿ, ಸ್ಟುಡಿಯೋದಿಂದ ಬರುವ ಟೆಲಿಫೋನ್ ಲೈನು ಸತ್ತಾಗ ಯಾವ ರೆಕಾರ್ಡು ಹಾಕುತ್ತಿದ್ದಿರಿ. ಉಳಿದದ್ದನ್ನು ಅವರೇ ಹೇಳುತ್ತಾರೆ.